ಭಾವ ಹೇಳಿದ್ದು ಸರ್ವರ್‌ಗೆ ಕೇಳಿಸಲಿಲ್ಲ

ನಮ್ಮ ಭಾವ ಹುಟ್ಟಿದಾಗಿನಿಂದ ಯಾರಿಂದಲೂ ಏನನ್ನೂ ಮುಚ್ಚಿಟ್ಟವರಲ್ಲ. ಹಾಗಂತ ಯಾರಿಗೂ ಏನನ್ನೂ ಹೇಳಿದವರೂ ಅಲ್ಲ! ಒಂದು ಮಾತನ್ನು ಮನಸ್ಸಿನಲ್ಲಿ ಅಂದುಕೊಂಡರೆ ಸಾಕು, ಅದು ಊರಿಗೆಲ್ಲ ತಲುಪಿತು ಎಂದೇ ಅವರ ನಂಬಿಕೆ. ಕೇಳಿದರೆ "ಹೇಳಿದ್ನಲ್ಲ!" ಎನ್ನುತ್ತಾರೆ. ಯಾರಿಗೆ? ಬಚ್ಚಲುಮನೆಯಲ್ಲಿ, ತಲೆಗೆ ನೀರು ಹುಯ್ದುಕೊಳ್ಳುತ್ತಾ, ಹಂಡೆಗೆ!

ಒಮ್ಮೆ ತುರುವೇಕೆರೆಯ ನನ್ನ ಮನೆಯಿಂದ ಅಕ್ಕನ ಜೊತೆ ಹುಳಿಯಾರಿಗೆ ಬಸ್ಸು ಹತ್ತಿದವರು ಚಿಕ್ಕನಾಯಕನಹಳ್ಳಿಯಲ್ಲಿ ಇಳಿದು ಹೋದರು. ಅಲ್ಲಿ ಯಾರೋ ಗೆಳೆಯರನ್ನು ನೋಡಬೇಕಿತ್ತಂತೆ. ಅಕ್ಕ ಮುಂದಿನ ಸೀಟಿನಲ್ಲಿ ಕೂತು, ಯಜಮಾನರು ಹಿಂದಿದ್ದಾರೆಂಬ ಧೈರ್ಯದಲ್ಲಿ ಹುಳಿಯಾರಿನವರೆಗೂ ಹೋಗಿ ಇಳಿದು ನೋಡಿದರೆ ಗಂಡನೇ ಇಲ್ಲ! ಗಾಬರಿಯಲ್ಲಿ ಫೋನ್ ಮಾಡಿದವಳನ್ನು ಇವರೇ ಗದರಿದರು: "ಇಳಿಯೋಣ ಅಂದ್ನಲ್ಲೇ, ನೀನ್ಯಾಕೆ ಇಳೀಲಿಲ್ಲ?"

ಇನ್ನೊಂದು ದಿನ ತೋಟದಲ್ಲಿ ಕಾಯಿ ಕೀಳುವವನಿಗಾಗಿ ಕಾದೂ ಕಾದೂ ಸುಸ್ತಾದರು. ಕೊನೆಗೆ ಅವನು ಯಾವುದೋ ಕೆಲಸಕ್ಕೆ ಆ ದಾರಿಯಲ್ಲೇ ಬಂದ.

"ಈಗ ಬತ್ತಿದ್ಯೇನಯ್ಯಾ?"

"ಫೋನೇ ಮಾಡ್ಲಿಲ್ವಲ್ಲ ಸಾರ್?"

"ಬೆಳಗಿಂದ ನಿನ್ನನ್ನೇ ನೆನೆಸ್ಕೊತಾ ಇದೀನಲ್ಲೋ!"

ಅವನು ಪಕ್ಕದಲ್ಲೇ ನಿಂತಿದ್ದ ನನ್ನ ಮುಖ ನೋಡಿದ. ನಾನು ತೆಂಗಿನ ಗರಿ ನೋಡಿದೆ.

ಇಂಥವರು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟ್ರು! ಮಕ್ಕಳಿಗೆ ಏನು ಕೇಳಿಸುತ್ತದೋ ದೇವರೇ ಬಲ್ಲ. ಕಂಪ್ಯೂಟರ್ ಮೇಲೆ ಮಾತ್ರ ಭಾವನಿಗೆ ಪ್ರಾಣ. ತಿಪಟೂರಿನ ಮನೆಯಲ್ಲಿ, ಮೇಲೆ ಅಟ್ಟದ ತುಂಬ ಕೊಬ್ಬರಿ, ಕೆಳಗೆ ಒಂದು ಸರ್ವರ್. ಅದರಲ್ಲಿ ಮೂರು ತಾಲ್ಲೂಕಿನ ರಕ್ತದಾನಿಗಳ ಪಟ್ಟಿ. ಮೊದಮೊದಲು ಯಾರು ಬೇಕಾದರೂ ನೋಡಬಹುದಿತ್ತು. ಯಾವನೋ ಮಾಡಲು ಕೆಲಸವಿಲ್ಲದವನು ಹೆಣ್ಣುಮಕ್ಕಳ ನಂಬರಿಗೆಲ್ಲ ಫೋನ್ ಮಾಡಿ ಕಾಡಿದ. ಭಾವ ಸಿಟ್ಟಿನಿಂದ ಲಾಗಿನ್ ಇಟ್ಟು, ನಂಬರುಗಳಿಗೆ ಒಂದು ಗುಪ್ತ ಕೀಲಿಯ ಬೀಗ ಜಡಿದರು. ಲಾಗಿನ್ ಆಗದೆ ಪಟ್ಟಿ ತೆರೆದರೆ ಬರೀ ಗೀಚುಗೀಚು ಅಕ್ಷರ.

ಕಳೆದ ವರ್ಷ ಒಂದು ಬೆಳಿಗ್ಗೆ ಅಕ್ಕನಿಗೆ ರಕ್ತಸ್ರಾವ ನಿಲ್ಲಲೇ ಇಲ್ಲ. ನಾನು ಅವರ ಮನೆಗೇ ಬಂದಿದ್ದೆ; ತಿಪಟೂರಿನ ಆಸ್ಪತ್ರೆಗೆ ಸೇರಿಸಿದೆವು. "ಇವತ್ತೇ ಆಪರೇಷನ್ ಆಗ್ಬೇಕು. ಇವರದು ಓ ನೆಗೆಟಿವ್, ಇಲ್ಲಿ ಒಂದೇ ಬಾಟ್ಲಿ ಇದೆ. ಇನ್ನೊಂದಿಲ್ದೆ ನಾನು ಕೈ ಹಾಕಲ್ಲ. ಹನ್ನೆರಡರೊಳಗೆ ದಾನಿ ಕರೆಸಿ" ಎಂದರು ಡಾಕ್ಟರಮ್ಮ. ನನಗೆ ಜೀವ ಬಂದಂತಾಯಿತು. ಪಟ್ಟಿ ನಮ್ಮ ಮನೆಯದೇ ಅಲ್ಲವೇ!

ಭಾವ ಆಸ್ಪತ್ರೆಯ ಬೆಂಚಿನ ಮೇಲೆ ಲ್ಯಾಪ್‌ಟಾಪ್ ತೆರೆದು, ಇಂಟರ್ನೆಟ್ಟಿನಲ್ಲಿ ಮನೆಯ ಸರ್ವರನ್ನು ಹಿಡಿದು ಪಾಸ್‌ವರ್ಡ್ ಹೊಡೆದರು. ಪ್ರವೇಶವಿಲ್ಲ ಎಂದು ಬಂತು. ಮತ್ತೆ ಹೊಡೆದರು. ಪ್ರವೇಶವಿಲ್ಲ! ಮನೆ ಕಟ್ಟಿದವರನ್ನೇ ಮನೆ ಒಳಗೆ ಬಿಡದಿದ್ದರೆ ಏನು ಮಾಡೋದು ಹೇಳಿ?

"ಲಾಗಿನ್‌ಗೆ ಆ ಕೀಲಿ ಸಿಕ್ತಿಲ್ಲ ಕಣಮ್ಮ" ಎಂದರು.

"ಎಲ್ಲಿಟ್ಟಿದ್ರಿ?"

"ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ."

ರವಿಕೆ ಹೊಲಿಯುವ ನನಗೆ ಏನು ತಿಳಿಯಬೇಕು? ಪ್ರೋಗ್ರಾಮಿನೊಳಗೇ ಬರೆದಿಟ್ಟರೆ ಯಾರಾದರೂ ಓದಿಬಿಟ್ಟಾರು, ಅದಕ್ಕೇ ಒಂದು ಹೆಸರು ಕೊಟ್ಟು ಕಂಪ್ಯೂಟರ್‌ಗೆ ಹೊರಗಿನಿಂದ ಹೇಳಿಟ್ಟಿರುವುದು ಎಂದು ವಿವರಿಸಿದರು. ಆ ಹೆಸರು ಹೊಡೆದು ಕೇಳಿದರೆ ಕೀಲಿ ಪರದೆಯ ಮೇಲೆ ಬಂದೇಬಂತು. "ನೋಡು, ಇದೆಯಲ್ಲ!" ಲಾಗಿನ್ ಮಾತ್ರ ಇಲ್ಲ ಎನ್ನುತ್ತದೆ. ಕಾಗುಣಿತ ನೋಡಿದರು. ಸರ್ವರನ್ನು ಮಲಗಿಸಿ ಎಬ್ಬಿಸಿದರು. ಊಹೂಂ.

ಗಂಟೆ ಹತ್ತಾಯಿತು. ನರ್ಸಮ್ಮ ಬಂದು "ಸಿಕ್ಕಿದ್ರಾ?" ಎಂದು ಕೇಳಿ ಹೋದರು. ಗೊತ್ತಿದ್ದವರಿಗೆಲ್ಲ ಫೋನ್ ಮಾಡಿದೆ, ಎಲ್ಲರದೂ ಪಾಸಿಟಿವ್! ಒಬ್ಬ ಪುಣ್ಯಾತ್ಮ "ಪಾಸಿಟಿವ್ವೇ ಒಳ್ಳೇದಲ್ವೇನಕ್ಕ?" ಎಂದ. ಎದುರಿಗಿದ್ದಿದ್ದರೆ ಬಾರಿಸಿಬಿಡುತ್ತಿದ್ದೆ.

"ಮೊನ್ನೆ ಕರೆಂಟ್ ಹೋಗಿ ಬಂದ ಮೇಲೆ ಹಿಂಗಾಗಿದೆ. ಅದಕ್ಕೆ ನಾನು ಹೇಳಿದೀನಿ ಕಣಮ್ಮ!" ಎಂದು ಭಾವ ಸರ್ವರನ್ನೇ ದೂರಿದರು.

ನನಗೆ ಉರಿದುಹೋಯಿತು. "ಎಲ್ಲಿ ಕೂತು ಹೇಳಿದ್ರಿ ಭಾವ? ನಿಮ್ಮ ರೂಮಲ್ಲಿ ನೀವೇ ಗೊಣಗಿದ್ರೆ ಅಡುಗೆಮನೇಲಿರೋಳಿಗೆ ಹೆಂಗೆ ಕೇಳುಸ್ತದೆ?"

ಭಾವನ ಬೆರಳು ಅಲ್ಲೇ ನಿಂತಿತು.

"ಅಯ್ಯೋ! ನಿಜ ಕಣಮ್ಮ. ಇಷ್ಟು ದಿನ ನಾನೇ ಕೈಯಾರೆ ಶುರು ಮಾಡ್ತಿದ್ದೆ, ನಂಗೆ ಗೊತ್ತಿದ್ದಿದ್ದು ಅದಕ್ಕೂ ಗೊತ್ತಿರ್ತಿತ್ತು. ಈಗ ಕರೆಂಟ್ ಬಂದಾಗ ತಾನಾಗೇ ಎದ್ದಿದೆ, ನನ್ನ ಖಾತೇಲಲ್ಲ, ಬೇರೆ ಖಾತೇಲಿ. ನಾನು ಕೀಲಿ ಹೇಳಿದ್ದು, ಈಗ ನೋಡಿದ್ದು ಎಲ್ಲಾ ನನ್ನ ಖಾತೇಲಿ. ಅದಕ್ಕೆ ಯಾರೂ ಹೇಳೇ ಇಲ್ಲ!"

ಸರ್ವರ್ ಏಳುವಾಗ ತಾನೇ ಓದಿಕೊಳ್ಳುವ ಜಾಗದಲ್ಲಿ ಕೀಲಿ ಬರೆದರು. ಲಾಗಿನ್ ಒತ್ತಿದರು. ಪ್ರವೇಶವಿಲ್ಲ! ನಾನು ಅತ್ತೇಬಿಟ್ಟೆ. "ತಡಿ, ತಡಿ. ಆಗ್ಲೇ ಎದ್ದು ಕೂತಿರೋದಕ್ಕೆ ಹೊಸದು ತಿಳಿಯಲ್ಲ" ಎಂದು ಮತ್ತೆ ಮಲಗಿಸಿ ಎಬ್ಬಿಸಿದರು. ಪಟ್ಟಿ ತೆರೆಯಿತು.

ಓ ನೆಗೆಟಿವ್, ಮೂರೇ ಹೆಸರು. ಇಬ್ಬರಿಗೆ ನಾನೇ ಫೋನ್ ಮಾಡಿದೆ. ಒಬ್ಬರದು ಸ್ವಿಚ್ ಆಫ್. ಇನ್ನೊಬ್ಬರು ಹೋದ ತಿಂಗಳಷ್ಟೇ ರಕ್ತ ಕೊಟ್ಟವರು. ಉಳಿದದ್ದು ದಬ್ಬೇಘಟ್ಟದ ಒಬ್ಬ ಹೆಣ್ಣುಮಗಳು. ನನ್ನ ಕೈಯಿಂದ ಭಾವ ಫೋನ್ ಕಿತ್ತುಕೊಂಡರು. ಎದ್ದು ನಿಂತು, ಇಡೀ ಕಾರಿಡಾರಿಗೆ ಕೇಳುವಂತೆ ಕೂಗಿದರು:

"ಅಮ್ಮಾ, ತಿಪಟೂರಿಂದ ಮಾತಾಡ್ತಿದೀನಿ. ರಕ್ತ ಬೇಕಾಗಿತ್ತು. ನನ್ನ ಹೆಂಡ್ತಿಗೆ ಕಣಮ್ಮ. ಅವಳಿಲ್ದಿದ್ರೆ ನಂಗೆ ಮನೆ ಬಾಗಿಲು ತೆಗೆಯೋಕೂ ಭಯ ಆಗುತ್ತೆ. ಬೇಗ ಬಾರಮ್ಮ!"

ಕಡೆಯ ಮಾತಿಗೆ ಅಳುತ್ತಾ ಶರ್ಟಿನ ತೋಳಲ್ಲಿ ಮೂಗೊರೆಸಿಕೊಂಡರು. ಸಾಲಿನಲ್ಲಿ ನಿಂತವರೆಲ್ಲ ಚೀಟಿ ಹಿಡಿದುಕೊಂಡು ಇವರನ್ನೇ ನೋಡುತ್ತಿದ್ದರು. "ಅಳಬ್ಯಾಡಿ ಸಾರ್, ಗಾಡಿ ತೆಗೀತಾ ಇವ್ನಿ" ಎಂದಳಂತೆ ಆ ತಾಯಿ. ಹನ್ನೊಂದೂಕಾಲಿಗೆ ಬಂದಳು, ರಕ್ತ ಕೊಟ್ಟಳು, ಬಿಸ್ಕತ್ತು ತಿಂದು ಹೊರಟಳು.

ಆಪರೇಷನ್ ಮುಗಿದು ಸಂಜೆ ಅಕ್ಕನಿಗೆ ಎಚ್ಚರವಾಯಿತು. ಭಾವ ಔಷಧಿ ತರಲು ಕೆಳಗೆ ಹೋಗಿದ್ದರು. ನಾನು ಬಗ್ಗಿ, ಅವರು ಫೋನಿನಲ್ಲಿ ಕೂಗಿದ್ದನ್ನು ಒಂದಕ್ಷರ ಬಿಡದೆ ಅವಳ ಕಿವಿಯಲ್ಲಿ ಹೇಳಿದೆ. ಅಕ್ಕ ಕಣ್ಣು ತೆರೆಯಲಿಲ್ಲ.

"ಇನ್ನೊಂದ್ಸಲ ಹೇಳೇ" ಎಂದಳು.

ಮೂರು ಸಲ ಹೇಳಿಸಿಕೊಂಡಳು.