ಶೇರವಾನಿ ತೊಟ್ಟ ಕೇರಿ

ಸರಕಾರಕ್ಕೆ ಬಡವರ ನೆನಪಾದಾಗಲೆಲ್ಲ ಶಹಾಪುರದ ನಮ್ಮ ತಹಸೀಲ ಕಚೇರಿಯಲ್ಲಿ ಏನಾದರೊಂದು ನಡೆಯುತ್ತಿತ್ತು. ನೆನಪಾಗದಿದ್ದಾಗ ನಾವು ಆರಾಮವಾಗಿರುತ್ತಿದ್ದೆವು, ಬಡವರು ಇದ್ದ ಹಾಗೇ ಇರುತ್ತಿದ್ದರು. ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ ನಾನು ಅಲ್ಲಿ ಗುಮಾಸ್ತ. ಒಮ್ಮೆ ಹೈದರಾಬಾದಿನಿಂದ ಹುಕುಂ ಬಂತು: ಗುಡ್ಡದ ಬುಡದಲ್ಲಿ ಕಲ್ಲು ಒಡೆದು ಬದುಕುವವರ ಕೇರಿಗೆ ಸರಕಾರಿ ಖರ್ಚಿನಲ್ಲಿ ಪಕ್ಕಾ ಮನೆ ಕಟ್ಟಿಸುವುದು, ಜೊತೆಗೆ ಒಂದು ಕಸುಬನ್ನೂ ಕಲಿಸುವುದು. ಕಸುಬು ಕಲಿತವರಿಗೆ ಮಾತ್ರ ಮನೆ. ಕಲ್ಲು ಒಡೆಯುವುದು ಕಸುಬಲ್ಲವೆಂದು ಹೈದರಾಬಾದಿನಲ್ಲೇ ತೀರ್ಮಾನವಾಗಿತ್ತು.

ಮಾದರಿ ಮನೆ

ಮೊದಲು ಒಂದೇ ಮನೆ ಕಟ್ಟಿ ತೋರಿಸಬೇಕು, ಜನ ನೋಡಿ ಆಸೆಪಡಬೇಕು ಎಂದು ಹುಕುಮಿನಲ್ಲಿತ್ತು. ಸುರಪುರದ ಗುತ್ತೇದಾರನೊಬ್ಬ ಕಟ್ಟಿದ. ಹೆಂಚಿನ ಮನೆ, ಗಚ್ಚಿನ ನೆಲ, ಎರಡು ಕಿಟಕಿ. ಅಷ್ಟರಲ್ಲಿ ಕಸುಬು ಕಲಿಸಲು ಹೈದರಾಬಾದಿನಿಂದ ಉಸ್ತಾದರು ಬಂದರು. ಊರಲ್ಲಿ ಇಳಿದುಕೊಳ್ಳಲು ಮನಸ್ಸಿಗೆ ಬಂದ ಜಾಗ ಸಿಗದೆ ಅವರು ಮಾದರಿ ಮನೆಯಲ್ಲೇ ಹಾಸಿಗೆ ಬಿಚ್ಚಿದರು.

ಮನೆ ತೋರಿಸುವ ಕೆಲಸ ನನ್ನದು. ಕೇರಿಯ ಮೊದಲನೇ ಗುಡಿಸಲಿನ ಮುದುಕಿಯನ್ನು ಕರೆದುಕೊಂಡು ಹೋದೆ. ಅವಳ ಮಗ ಕಲ್ಲು ಒಡೆಯುತ್ತಿದ್ದ, ಸೊಸೆ ಬಸುರಿ. ಮಳೆ ಬಂದರೆ ಆ ಗುಡಿಸಲು ಹೊರಗೆ ಎಷ್ಟು ನೆನೆಯುತ್ತಿತ್ತೋ ಒಳಗೂ ಅಷ್ಟೇ ನೆನೆಯುತ್ತಿತ್ತು. ಮೊಮ್ಮಗು ಹೆಂಚಿನ ಕೆಳಗೇ ಹುಟ್ಟಬೇಕೆಂದು ಮುದುಕಿ ಹಟ ಹಿಡಿದಿದ್ದಳು.

ಬಾಗಿಲು ದೂಡಿದರೆ ಉಸ್ತಾದರು ಲುಂಗಿ ಸುತ್ತಿಕೊಂಡು, ಮುಖದ ತುಂಬ ಸಾಬೂನಿನ ನೊರೆ ಬಳಿದುಕೊಂಡು ಗಡ್ಡ ಹೆರೆಯುತ್ತಿದ್ದರು. ಮುದುಕಿ ಗೋಡೆ ಬಡಿದು ನೋಡಿದಳು. ಕತ್ತೆತ್ತಿ ಹೆಂಚು ನೋಡಿದಳು. ಆಮೇಲೆ ಉಸ್ತಾದರನ್ನು ಒಂದು ಸುತ್ತು ಹಾಕಿ ನೋಡಿದಳು.

"ಮನಿ ಭಾಳ ಚಂದ ಐತ್ರಿ," ಅಂದಳು. "ಆದ್ರ ಎಲ್ಲಾ ಮನ್ಯಾಗೂ ಇಂಥಾದೊಂದು ಇಟ್ಟು ಕೊಡ್ತೀರೇನ್ರಿ? ನಮಗ ಜಾಗಾ ಸಾಲಂಗಿಲ್ಲ."

ಉಸ್ತಾದರ ಅಳತೆ

ಉಸ್ತಾದರು ದರ್ಜಿ. ನವಾಬರ ಮನೆಗಳಿಗೆ ಹೊಲಿದ ಕೈ. ಅವರಿಗೆ ಬರುತ್ತಿದ್ದುದು ಶೇರವಾನಿ ಒಂದೇ. ಮನೆಯ ಆಸೆಗೆ ಇಡೀ ಕೇರಿ ಬಂದು ಕೂತಿತು. ಮುದುಕಿಯೂ ಸೂಜಿ ಹಿಡಿದು ಕೇಳಿದಳು:

"ಉಸ್ತಾದ್ರ, ಒಂದು ಹೆಣ್ಮಕ್ಕಳ ಕುಬಸ ಹೊಲಿಯಾದು ಹೇಳಿಕೊಡ್ರಿ. ಊರಾಗ ಹೊಲಿಸೋರು ಅದಾರ."

ನಾನು ಉರ್ದುವಿನಲ್ಲಿ ಹೇಳಿದೆ. ಉಸ್ತಾದರು ಕಿವಿ ಮುಟ್ಟಿಕೊಂಡು "ತೋಬಾ, ತೋಬಾ" ಎಂದರು.

"ಹಂಗಾರ ಹರಿದ ಧೋತ್ರಕ್ಕ ತ್ಯಾಪಿ ಹಚ್ಚಾದಾದ್ರೂ ಹೇಳಿಕೊಡ್ರಿ."

ಅದನ್ನು ನಾನು ಅನುವಾದ ಮಾಡಲಿಲ್ಲ. ಉಸ್ತಾದರಿಗೆ ರಕ್ತದ ಒತ್ತಡವಿತ್ತು.

ಶೇರವಾನಿಗೆ ಅಳತೆ ಬೇಕಲ್ಲ. ಕಲ್ಲಿನ ಧೂಳು ಹತ್ತೀತೆಂದು ಉಸ್ತಾದರು ಯಾರ ಮೈಯನ್ನೂ ಮುಟ್ಟದೆ ತಮ್ಮ ಅಳತೆಯನ್ನೇ ಎಲ್ಲರಿಗೂ ಕೊಟ್ಟರು. ಅವರು ಬಿದಿರ ಗಳದಂಥ ಆಸಾಮಿ. ಕೇರಿಯವರದು ಸುತ್ತಿಗೆ ಎತ್ತುವ ಮೈ. ಮೊದಲ ಶೇರವಾನಿಯನ್ನು ಮುದುಕಿಯ ಮಗ ತೊಟ್ಟ.

"ಗುಂಡಿ ಹತ್ತವಲ್ವುರಿ," ಅಂದ.

"ಉಸಿರು ಹಿಡಿಯಲು ಹೇಳಿ," ಎಂದರು ಉಸ್ತಾದರು. ಹಿಡಿದ. ಗುಂಡಿಗಳು ಹತ್ತಿದವು. ಸ್ವಲ್ಪ ಹೊತ್ತಿಗೆ ಅವನ ಮುಖ ಕೆಂಪೇರಿತು, ಕಣ್ಣು ಹೊರಬಂದವು. ಇನ್ನು ಬಿಡಲೇ ಎಂದು ಸನ್ನೆ ಮಾಡಿ ಕೇಳಿದ.

ಉಸ್ತಾದರಿಗೆ ನಿಜಕ್ಕೂ ಆಶ್ಚರ್ಯವಾಯಿತು. "ದರಬಾರಿನಲ್ಲಿ ಯಾರಾದರೂ ಉಸಿರು ಬಿಡುತ್ತಾರೆಯೆ?" ಎಂದರು.

ಯಾದಗಿರಿ ಟೇಶನ್

ಹೊಲಿದದ್ದನ್ನು ಮಾರಿಯೂ ತೋರಿಸಬೇಕಿತ್ತು. ಶಹಾಪುರದಲ್ಲಿ ಶೇರವಾನಿ ಕೊಳ್ಳುವವರೆಂದರೆ ನಮ್ಮ ತಹಸೀಲ್ದಾರರು ಒಬ್ಬರೇ, ಅವರ ಬಳಿ ಆಗಲೇ ಒಂದಿತ್ತು. ಹಾಗಾಗಿ ಮುದುಕಿಯ ಮಗನಿಗೂ ಪಕ್ಕದ ಗುಡಿಸಲಿನವನಿಗೂ ಒಂದೊಂದು ಶೇರವಾನಿ ತೊಡಿಸಿ, ಉಳಿದವನ್ನು ಗಂಟು ಕಟ್ಟಿ ಯಾದಗಿರಿಗೆ ಕಳಿಸಿದೆವು. ಅಲ್ಲಿ ರೈಲು ನಿಲ್ಲುತ್ತದೆ, ದೊಡ್ಡ ಮಂದಿ ಇಳಿಯುತ್ತಾರೆ.

ಸಂಜೆ ಇಬ್ಬರೂ ಗಂಟಿನ ಸಮೇತ ವಾಪಸ್ಸು ಬಂದರು.

"ಯಾಕ, ಒಂದೂ ಮಾರಲಿಲ್ಲೇನು?" ಎಂದು ಕೇಳಿದೆ.

"ಮಾರಾಕ ಯಾರು ಬಿಟ್ಟಾರ್ರಿ? ಟೇಶನ್ ಮಾಸ್ತರು ಸಲಾಂ ಹೊಡದ್ರು. ಪೊಲೀಸಪ್ಪ ಖುರ್ಚಿ ಹಾಕಿದ. ಚಾ ಕುಡಿಸಿದ್ರು. ಗಂಟ ಬಿಚ್ಚಾಕ ಹೋದ್ರ, 'ಹುಜೂರ್, ನಮ್ಮ ಕೈಯಾಗ ಕೊಡ್ರಿ' ಅಂತ ಹಮಾಲ ಕಸಗೊಂಡ."

"ಮತ್ತ ನೀವೇನು ಮಾಡಿದ್ರಿ?"

"ಏನು ಮಾಡಾದ್ರಿ, ಒಬ್ಬಾಂವ ಅರ್ಜಿ ಕೊಟ್ಟ. ನಾಳೆ ಬಾ ಅಂದ್ವಿ."

ಸಾಹೇಬರ ಭೇಟಿ

ಕೊನೆಗೆ ಜಿಲ್ಲೆಯ ದೊಡ್ಡ ಸಾಹೇಬರು ಮೋಟಾರಿನಲ್ಲಿ ಬಂದರು. ಮನೆಗಳ ಮಂಜೂರಿ ಅವರ ಕೈಯಲ್ಲಿತ್ತು. ಆಕಾಶದಲ್ಲಿ ಮೋಡ ಕಟ್ಟಿತ್ತು. ಸೊಸೆಗೆ ದಿನ ತುಂಬಿತ್ತು, ಹೊರಗೆ ಬೇವಿನ ಗಿಡದ ಕೆಳಗೆ ಕೂತಿದ್ದಳು. ಉಸ್ತಾದರು ತಮ್ಮ ವಿದ್ಯೆ ಎದ್ದು ಕಾಣಲೆಂದು, ಮಾರಾಟವಾಗದ ಶೇರವಾನಿಗಳನ್ನೆಲ್ಲ ಗಂಡಸರಿಗೆ ತೊಡಿಸಿ ಸಾಲಾಗಿ ನಿಲ್ಲಿಸಿದ್ದರು.

ಸಾಹೇಬರು ಸಾಲನ್ನು ಈ ತುದಿಯಿಂದ ಆ ತುದಿಗೆ ನೋಡಿ ನನ್ನನ್ನು ಕೇಳಿದರು: "ಬಡವರು ಎಲ್ಲಿ?"

"ಇವರೇ, ಹುಜೂರ್."

"ಇವರಿಗೆ ಮನೆ ಯಾಕೆ? ನನ್ನ ಕಚೇರಿಯ ಪೇಶಕಾರನ ಹತ್ತಿರವೂ ಇಂಥ ಬಟ್ಟೆಯಿಲ್ಲ."

ಮನೆಗಳು ನಿಂತಲ್ಲೇ ರದ್ದಾದವು. ತರಬೇತಿ ಪೂರ್ತಿ ಯಶಸ್ವಿಯೆಂದು ಸಾಹೇಬರು ಉಸ್ತಾದರ ಬೆನ್ನು ತಟ್ಟಿದರು.

ಏನಾಯಿತೆಂದು ಮುದುಕಿ ಕೇಳಿದಳು. ಹೇಳಿದೆ. ಅವಳು ಸೆರಗು ಸರಿಮಾಡಿಕೊಂಡು ಸಾಹೇಬರ ಮುಂದೆ ಕೈಮುಗಿದಳು. "ಸಾವ್ಕಾರ್ರ ಕೇರಿಗೆ ಬಂದು ಬರಿಬಾಯಿಲೆ ಹೋಗಬಾರದ್ರಿ. ಒಳಗ ಬರ್ರಿ, ಮಜ್ಜಿಗಿ ಕುಡದು ಹೋಗ್ರಿ."

ಅದನ್ನು ಉರ್ದುವಿನಲ್ಲಿ ಹೇಳಿದೆ. ಸಾಹೇಬರು ಖುಷಿಯಲ್ಲಿದ್ದರು. ಎರಡಾಗಿ ಬಗ್ಗಿ ಗುಡಿಸಲು ಹೊಕ್ಕರು, ಕಂಬಳಿಯ ಮೇಲೆ ಕೂತರು, ಮಜ್ಜಿಗೆ ಕುಡಿದು ಹೊಗಳಿದರು. ಹೊಗುವಾಗ ಬಗ್ಗಬೇಕೆಂದು ಅವರಿಗೆ ಗೊತ್ತಿತ್ತು. ಏಳುವಾಗ ಮಾತ್ರ ಕಚೇರಿಯಲ್ಲಿ ಎದ್ದಂತೆ ಎದ್ದರು.

ಗುಡಿಸಲಿಗೆ ಹೊದಿಸಿದ್ದ ಜೋಳದ ದಂಟಿನ ಚಪ್ಪರ ಕಂಬ ಬಿಟ್ಟು ಮೇಲೆದ್ದಿತು. ಸಾಹೇಬರ ತಲೆ ಟೋಪಿ ಸಮೇತ ಅದರಲ್ಲಿ ಸಿಕ್ಕಿತು. ಗಾಬರಿಯಲ್ಲಿ ಅವರು ಹೊರಗೆ ನಡೆದರು, ಚಪ್ಪರವೂ ಅವರ ಜೊತೆ ಹೊರಟಿತು. ಶೇರವಾನಿಯ ಗಂಡಸರು ಚಪ್ಪರ ಎತ್ತಲು ಓಡಿ ಬಂದರು. ಮುದುಕಿ ಕೈ ಅಡ್ಡ ಹಿಡಿದಳು.

"ಹೊಸ ಮನಿ ಕೊಡಂಗಿಲ್ಲ ಅಂದ್ರಿ, ಆತು. ಇದ್ದದ್ದನ್ನೂ ಹೊತಗೊಂಡ ಹೊಂಟ್ರ ಹೆಂಗ್ರಿ ಸಾಹೇಬ್ರ?"

ದಂಟಿನ ಒಳಗಿಂದ ದನಿ ಬಂತು: "ಏನನ್ನುತ್ತಾಳೆ?"

"ಮನೆ ಕೇಳುತ್ತಿದ್ದಾಳೆ, ಹುಜೂರ್."

"ಮಂಜೂರ್!"

"ಅವಳೊಬ್ಬಳಿಗೋ, ಕೇರಿಗೆಲ್ಲವೋ, ಹುಜೂರ್?"

"ಎಲ್ಲರಿಗೂ! ಎಲ್ಲರಿಗೂ ಮಂಜೂರ್!"

ಆ ಮಾತಿಗೆ ಅನುವಾದ ಬೇಕಿರಲಿಲ್ಲ. ಮುದುಕಿ ಕೈ ಇಳಿಸಿ ಗಂಡಸರ ಕಡೆ ತಿರುಗಿದಳು.

"ಹೂಂ. ಈಗ ಎತ್ರಿ."