ಬಟ್ಟೆ ಹಗ್ಗದ ಮೇಲೆ ಮಹಾಯುದ್ಧ

"ಪ್ರಚಾರಕ್ಕೆ ಮರುಳಾಗೋರು ದಡ್ಡರು ಕಣೇ! ನನ್ನಂಥೋನನ್ನ ಕುಣಿಸೋಕೆ ಯಾರಪ್ಪನ ಕೈಲೂ ಆಗಲ್ಲ!" ಎಂದು ಕನ್ನಡಕದಂಗಡಿಯ ಯಜಮಾನರು ಎದೆಯುಬ್ಬಿಸಿ ಸಾರಿದರು. ಆ ಎದೆಗೆ ಅವಚಿಕೊಂಡಿದ್ದದ್ದು ಮಾತ್ರ ಯುದ್ಧಕಾಲದ ಪ್ರಚಾರ ಪತ್ರಿಕೆಗಳ ಹೊಸ ಕಟ್ಟು! ಹಳೆಯ ಕಟ್ಟುಗಳು ಆಗಲೇ ಮಂಚದಡಿಯನ್ನು ಗೆದ್ದು, ಬೀರುವನ್ನು ವಶಪಡಿಸಿಕೊಂಡು, ಅಡುಗೆಮನೆಯ ಗಡಿಯಲ್ಲಿ ಬೀಡುಬಿಟ್ಟಿದ್ದವು.

ಹೆಂಡತಿ ಮೂಗು ಮುಚ್ಚಿಕೊಂಡಳು. "ಕುಣಿಸೋದು ಹಾಗಿರಲಿ ರೀ, ಮೊದಲು ಈ ಮುಗ್ಗಲು ವಾಸನೆ ಓಡಿಸಿ. ಸಂಜೆಯೊಳಗೆ ಹೋಗಲಿಲ್ವೋ, ಅಷ್ಟೂ ಹಳೇ ಪೇಪರಿನವನ ಪಾಲು!"

ಯಜಮಾನರ ಜೀವ ಬಾಯಿಗೆ ಬಂತು. ಹೊಟ್ಟೆ ಬಟ್ಟೆ ಕಟ್ಟಿ ಕೂಡಿಹಾಕಿದ ಸಂಪತ್ತಲ್ಲವೇ! ಮಹಡಿಗೆ ಓಡಿ, ಬಟ್ಟೆ ಒಣಹಾಕುವ ಹಗ್ಗಕ್ಕೆ ಒಂದೊಂದೇ ಪತ್ರಿಕೆಯನ್ನು ಕ್ಲಿಪ್ಪು ಹಾಕಿ ನೇತುಬಿಟ್ಟರು. ಮುಖಪುಟಗಳೆಲ್ಲ ಎದುರು ಮನೆಯತ್ತ ಮುಖಮಾಡಿ ನಿಂತವು. ಆ ಎದುರು ಮನೆಯಲ್ಲಿದ್ದವರು ಇವರ ಬಾಡಿಗೆ ಮನೆಯ ಮಾಲೀಕರಮ್ಮ! ನಲ್ಲಿ ಬಿಟ್ಟರೂ ತಕರಾರು, ಮೊಳೆ ಹೊಡೆದರೂ ತಕರಾರು. ದಿನಕ್ಕೊಮ್ಮೆ ಬಂದು ಮನೆಯೆಲ್ಲ ತಪಾಸಣೆ ಮಾಡದಿದ್ದರೆ ಅವರಿಗೆ ಉಂಡದ್ದು ಅರಗುತ್ತಿರಲಿಲ್ಲ.

ಸ್ವಲ್ಪ ಹೊತ್ತಿಗೆಲ್ಲ ಮಹಡಿಯ ಬಾಗಿಲು ದಬದಬ ಬಡಿದ ಸದ್ದಾಯಿತು. ಮಾಲೀಕರಮ್ಮ, ಕೈಯಲ್ಲಿ ಸೌಟು!

"'ಬಾಯಿ ಮುಚ್ಚಿಕೊಂಡಿರಿ' ಅಂತ ಯಾರಿಗ್ರೀ ತೂಗುಹಾಕಿರೋದು?"

"ಅಯ್ಯೋ, ಅದು ಸೈನಿಕರಿಗೆ ಅಮ್ಮಾ!"

"'ಶತ್ರು ಕಿಟಕಿಯಲ್ಲೇ ಇದ್ದಾನೆ, ಎಚ್ಚರ!' ಅನ್ನೋದು? ಕಿಟಕಿಯಲ್ಲಿ ನಿಂತಿದ್ದವಳು ನಾನು ತಾನೇ?"

"ಅಲ್ಲಮ್ಮಾ, ಅದು ಎಂಬತ್ತು ವರ್ಷದ ಹಳೇ ಸರಕು!"

"ನನ್ನ ವಯಸ್ಸಿಗೂ ಬಂದ್ರಾ! ಇನ್ನು ನಾನು ಈ ಮನೆ ಹೊಸ್ತಿಲು ತುಳಿದ್ರೆ ಕೇಳಿ!" ಮಾಲೀಕರಮ್ಮ ಧಡಧಡನೆ ಇಳಿದು ಹೋದರು.

ಕೆಟ್ಟೆನಲ್ಲಪ್ಪಾ! ಇನ್ನು ಮನೆಯೂ ಹೋಯಿತು, ಪತ್ರಿಕೆಯೂ ಹೋಯಿತು! ಯಜಮಾನರು ಅಳುಮೋರೆ ಹಾಕಿಕೊಂಡು ಹಗ್ಗಕ್ಕೆ ಕೈ ಹಾಕಿದರು. "ಪೇಪರಿನವನಿಗೇ ಕೊಟ್ಟುಬಿಡ್ತೀನಿ ಕಣೇ."

"ಮುಟ್ಟಿದ್ರೆ ನೋಡಿ!" ಹೆಂಡತಿಯ ಕಣ್ಣು ಫಳಫಳ ಹೊಳೆಯುತ್ತಿತ್ತು. "ಇನ್ನು ಬರಲ್ಲ ಅಂತ ಅವರ ಬಾಯಲ್ಲೇ ಬಂತಲ್ರೀ! ಇಷ್ಟು ವರ್ಷ ನನ್ನ ಕೈಲಾಗದ್ದನ್ನ ಇವು ಅರ್ಧ ಗಂಟೆಯಲ್ಲಿ ಮಾಡಿದ್ವು. ಕೊಡಿ ಇಲ್ಲಿ, ಇನ್ನೂ ಏನೇನಿದೆ ನೋಡ್ತೀನಿ."

ಅವಳು ಕೂತು ಒಂದೊಂದೇ ಓದಿದಳು. ಸಂಗ್ರಹ ಉಳಿಯಿತೆಂದು ಯಜಮಾನರಿಗೆ ಸ್ವರ್ಗ ಮೂರೇ ಗೇಣು!

ಮರುದಿನ ಬೆಳಿಗ್ಗೆ ಅಡುಗೆಮನೆಗೆ ಹೋದರೆ, ಪಾತ್ರೆ ರಾಶಿಯ ಮೇಲಿನ ಗೋಡೆಯಲ್ಲಿ ಒಂದು ಮುಖಪುಟ! ಮೀಸೆಯ ದಳಪತಿಯೊಬ್ಬ ನೇರ ಇವರತ್ತಲೇ ಬೆರಳು ತೋರಿಸುತ್ತಿದ್ದ: "ವೀರನೇ! ಇಂದು ನಿನ್ನ ಪಾಲಿನ ಕೆಲಸ ಮುಗಿಸಿದೆಯಾ?"

"ನೋಡು, ಇಂಥ ಪ್ರಚಾರಕ್ಕೆಲ್ಲ ಮರುಳಾಗೋ ಗಂಡಸಲ್ಲ ನಾನು!" ಯಜಮಾನರು ಗುಡುಗಿದರು.

"ಗೊತ್ತು ರೀ," ಎಂದಳು ಹೆಂಡತಿ. "ಆ ಬಾಣಲೆ ತಳ ಇನ್ನೊಂಚೂರು ಉಜ್ಜಿ."