ಮೊಟ್ಟೆ ಸ್ಯಾಂಡ್‌ವಿಚ್ ತಿನ್ನದವರು ಬೇಕಾಗಿದ್ದಾರೆ

ಬುಧವಾರ ಆರ್ವಿನ್ ಸ್ಕಾರ್‌ನನ್ನು ಮಣ್ಣು ಮಾಡಿ ಬಂದ ಮೇಲೆ ನಾರ್ಡ್‌ಬಿ ಊರಿನವರೆಲ್ಲ ಚರ್ಚಿನ ನೆಲಮಾಳಿಗೆಯಲ್ಲಿ ಕೂತು ಊಟ ಮಾಡಿದರು. ದೀಪ ಹಚ್ಚುವ ಹೊತ್ತಿಗೆ ಅವರಲ್ಲಿ ಅರ್ಧಕ್ಕರ್ಧ ಜನ ಬಕೆಟ್ ತಬ್ಬಿಕೊಂಡಿದ್ದರು. ಆ ರಾತ್ರಿ ಊರಿನಲ್ಲಿ ನೆಮ್ಮದಿಯಾಗಿ ಮಲಗಿದ್ದವನು ಆರ್ವಿನ್ ಒಬ್ಬನೇ.

ಗುರುವಾರ ಬೆಳಕು ಹರಿಯುವ ಮೊದಲೇ ಊರು ತೀರ್ಪು ಕೊಟ್ಟಾಗಿತ್ತು. ಮೊಟ್ಟೆ ಸ್ಯಾಂಡ್‌ವಿಚ್! ಇನ್ನೇನಿರುತ್ತೆ? ಮೊಟ್ಟೆ, ಅದರ ಮೇಲೆ ಮೇಯನೇಸು, ಅದರ ಮೇಲೆ ಬೋರ್ಗಿಲ್ಡ್ ಟೋಸ್ಟ್ರುಡ್‌ಳ ಕೈ. ತೀರ್ಪನ್ನು ಯಾರೂ ಗಟ್ಟಿಯಾಗಿ ಹೇಳಲಿಲ್ಲ. ನಾರ್ಡ್‌ಬಿಯಲ್ಲಿ ಯಾರೂ ಏನನ್ನೂ ಗಟ್ಟಿಯಾಗಿ ಹೇಳುವುದಿಲ್ಲ. ಅಡುಗೆ ಬಾಯಿಗಿಡಲಾಗದಿದ್ದರೆ "ಬೇರೆ ಥರ ಇದೆ" ಅನ್ನುತ್ತಾರೆ, ಅಷ್ಟೇ. ಬೋರ್ಗಿಲ್ಡ್‌ಳ ಸ್ಯಾಂಡ್‌ವಿಚ್ಚು ಎಷ್ಟೋ ವರ್ಷಗಳಿಂದ ಬೇರೆ ಥರ ಇತ್ತು.

ಅವಳ ಮಗ ಲೈಲ್‌ಗೆ ನಲವತ್ತು ದಾಟಿತ್ತು. ಮದುವೆಯಾಗಿರಲಿಲ್ಲ. ಕೌಂಟಿಯ, ಅಂದರೆ ಆ ಜಿಲ್ಲೆಯ, ಆರೋಗ್ಯ ಕಚೇರಿಯಲ್ಲಿ ರೋಗ ಎಲ್ಲಿಂದ ಬಂತು, ಯಾರಿಂದ ಯಾರಿಗೆ ಹರಡಿತು ಎಂದು ಜಾಡು ಹಿಡಿಯುವುದು ಅವನ ಕೆಲಸ. ಆ ಬೆಳಗ್ಗೆ ಅವನು ಕೆಳಗಿಳಿದು ಬಂದಾಗ ಅಮ್ಮ ಏಪ್ರನ್ ಕಟ್ಟಿಕೊಂಡು, ಒಲೆ ಹಚ್ಚದೆ, ಸುಮ್ಮನೆ ಕುರ್ಚಿಯ ಮೇಲೆ ಕೂತಿದ್ದಳು.

"ಆರ್ಡಿಸ್ ಫೋನ್ ಮಾಡಿದ್ಲು," ಎಂದಳು. "ನಾಲ್ಕು ಗಂಟೆಗೆ ಎಲ್ಲರೂ ಸೇರ್ತಾರಂತೆ. ಸ್ವಲ್ಪ ಮಾತಾಡೋದಿದೆಯಂತೆ."

ಆರ್ಡಿಸ್ ಕ್ವಾಮ್ಮೆ ಚರ್ಚಿನ ಅಡುಗೆಮನೆಯ ಯಜಮಾನಿ. ಅವಳು "ಸ್ವಲ್ಪ ಮಾತಾಡೋದಿದೆ" ಅಂದರೆ ಯಾರದೋ ಏಪ್ರನ್ ಗೂಟಕ್ಕೆ ಬೀಳುತ್ತದೆ, ಅವರಿಗೆ ಇನ್ನು ಆ ಅಡುಗೆಮನೆ ಇಲ್ಲ ಎಂದೇ ಅರ್ಥ.

ಅಪ್ಪ ಹೋದ ಮೇಲೆ ಅಮ್ಮನಿಗೆ ಉಳಿದಿದ್ದದ್ದು ಆ ಅಡುಗೆಮನೆ ಒಂದೇ. ಊರಿನಲ್ಲಿ ಸಾವಾದಾಗಲೆಲ್ಲ ಅವಳು ಕೂದಲು ಬಾಚಿಕೊಂಡು, ಬೂಟು ಹಾಕಿಕೊಂಡು ಚರ್ಚಿನಲ್ಲಿ ಊಟಕ್ಕೆ ಮಾಡಲು ಹೊರಡುತ್ತಿದ್ದಳು. ಉಳಿದ ದಿನ ಕಿಟಕಿಯ ಹತ್ತಿರ ಕೂತು ಜೋಳ ಕೊಯ್ದ ಬೋಳು ಹೊಲವನ್ನು ನೋಡುತ್ತಿದ್ದಳು. ನವೆಂಬರಿನಿಂದ ಏಪ್ರಿಲ್‌ವರೆಗೆ ಅಲ್ಲಿ ನೋಡುವಂಥದ್ದು ಏನೂ ಇರುವುದಿಲ್ಲ.

"ಅಮ್ಮಾ, ನೀನು ಹೆದರ್ಕೋಬೇಡ. ನಿನ್ನ ಸ್ಯಾಂಡ್‌ವಿಚ್ಚಿಂದ ಏನೂ ಆಗಿಲ್ಲ. ನಾನು ತೋರಿಸಿಕೊಡ್ತೀನಿ. ನಾಲ್ಕು ಗಂಟೆಯೊಳಗೆ."

"ಬೇಡ ಕಣೋ. ಬಿಟ್ಬಿಡು. ಕೆದಕೋಕೆ ಹೋಗ್ಬೇಡ."

ಎಂಥ ತಾಯಿ, ತನ್ನ ಮೇಲೆ ಬಂದದ್ದನ್ನೂ ನುಂಗಿಕೊಳ್ಳುತ್ತಾಳಲ್ಲ ಎಂದುಕೊಂಡ ಲೈಲ್. ಏನೂ ತಿನ್ನದೆ ಹೊರಟ.

ಕಚೇರಿಯಲ್ಲಿ ಅವನ ಮೇಲಧಿಕಾರಿ ರೋಂಡಾ ಪವೆಲ್ಕಾ ಕಾಫಿ ಕುಡಿಯುತ್ತಿದ್ದಳು. ಅವಳು ನಾರ್ಡ್‌ಬಿಯವಳಲ್ಲ, ಶಿಕಾಗೋದವಳು. ಹಾಗಾಗಿ ಎಲ್ಲವನ್ನೂ ಗಟ್ಟಿಯಾಗಿಯೇ ಹೇಳುತ್ತಿದ್ದಳು.

"ನಿಮ್ಮಮ್ಮನೇ ಕೊಂದಿದ್ದಂತೆ?"

"ಯಾರೂ ಸತ್ತಿಲ್ಲ ರೋಂಡಾ. ಸತ್ತವನು ಊಟಕ್ಕೆ ಮೊದಲೇ ಸತ್ತಿದ್ದ."

"ನಿಜವಾಗಿ ನೋಡಿದ್ರೆ ಈ ಕೆಲಸ ನಿನಗೆ ಕೊಡಬಾರದು. ಆದರೆ ಕೌಂಟಿಗೆಲ್ಲ ಇರೋನು ನೀನೊಬ್ಬ, ಏನ್ ಮಾಡ್ಲಿ?" ಅವಳು ಗೋಡೆಯ ಬಿಳಿಹಲಗೆಯ ಮೇಲೆ ಒಂದು ಚೌಕ ಬರೆದು ನಾಲ್ಕು ಮನೆ ಮಾಡಿದಳು. "ತಿಂದು ಕಾಯಿಲೆ ಬಿದ್ದವರು ಇಲ್ಲಿ. ತಿಂದೂ ಗಟ್ಟಿಯಾಗಿರೋರು ಇಲ್ಲಿ. ತಿನ್ನದೆ ಕಾಯಿಲೆ ಬಿದ್ದವರು, ತಿನ್ನದೆ ಗಟ್ಟಿಯಾಗಿರೋರು ಈ ಕೆಳಗಿನ ಎರಡು ಮನೇಲಿ. ಒಂದೊಂದು ಅಡುಗೆಗೂ ಒಂದೊಂದು ಚೌಕ. ಬರೀ ವಾಂತಿ ಮಾಡಿಕೊಂಡವರನ್ನ ಕೇಳ್ಕೊಂಡು ಬಂದ್ಬಿಡಬೇಡ. ಚೆನ್ನಾಗಿರೋರನ್ನೂ ಕೇಳು. ಹೋಲಿಸೋಕೆ ಇನ್ನೊಂದು ಕಡೆ ಇಲ್ಲದಿದ್ರೆ ಅದು ತನಿಖೆಯಲ್ಲ, ಹರಟೆ."

ಲೈಲ್‌ಗೆ ಇದೆಲ್ಲ ಬಾಯಿಪಾಠವಾಗಿತ್ತು. ಆದರೂ ಇಂದು ಆ ನಾಲ್ಕು ಖಾಲಿ ಮನೆಗಳನ್ನು ನೋಡಿದಾಗ ಅಮ್ಮನಿಗೆ ಇರಲು ಮನೆ ಹುಡುಕುತ್ತಿದ್ದೇನೆ ಅನ್ನಿಸಿತು.

ಮೊದಲು ಹೋದದ್ದು ಡುವೇನ್ ಹೌಗೆನ್‌ನ ಮನೆಗೆ. ಎಮ್ಮೆಯಂಥ ಆಳು ಸೋಫಾದ ಮೇಲೆ ಒದ್ದೆ ಬಟ್ಟೆಯ ಹಾಗೆ ಬಿದ್ದಿದ್ದ. ಪಕ್ಕದಲ್ಲಿ ಬಕೆಟ್ಟು.

"ಹೇಗಿದೀಯ ಡುವೇನ್?"

"ಏನಿಲ್ಲ ಕಣೋ, ಆರಾಮು," ಎಂದು ಹೇಳಿ ಡುವೇನ್ ಬಕೆಟ್ಟಿನೊಳಗೆ ತಲೆ ಹಾಕಿದ. ತಲೆ ಹೊರಗೆ ತೆಗೆದು, "ಅಷ್ಟೇನಿಲ್ಲ," ಎಂದು ಸೇರಿಸಿದ.

"ನಿನ್ನೆ ಏನೇನು ತಿಂದೆ?"

"ಎಲ್ಲಾದನ್ನೂ ಸ್ವಲ್ಪ ಸ್ವಲ್ಪ."

"ಮೊಟ್ಟೆ ಸ್ಯಾಂಡ್‌ವಿಚ್ಚು?"

ಡುವೇನ್ ಅವನ ಮುಖ ನೋಡಿದ. ಲೈಲ್‌ನ ಅಮ್ಮನನ್ನು ಮನಸ್ಸಿನಲ್ಲಿಟ್ಟುಕೊಂಡ ನೋಟ. "ತಿಂದೆ ಮಾರಾಯ! ಎರಡು ತಿಂದೆ. ನಿಮ್ಮಮ್ಮ ಮಾಡಿದ್ದು ಬಿಡೋಕಾಗುತ್ತಾ?"

ಅಲ್ಲಿಂದ ಯೂನಿಸ್ ಬಕೆನ್‌ಳ ಮನೆ. ಅವಳು ಗುಂಡುಕಲ್ಲಿನ ಹಾಗೆ ಗಟ್ಟಿಯಾಗಿದ್ದಳು. ಹೋಲಿಸಲು ತಿನ್ನದವಳು ಒಬ್ಬಳಾದರೂ ಸಿಕ್ಕಳು ಎಂದು ಲೈಲ್‌ಗೆ ಆಸೆ ಚಿಗುರಿತು. "ನೀವು ಮೊಟ್ಟೆ ಸ್ಯಾಂಡ್‌ವಿಚ್ ತಿಂದಿರಲಿಕ್ಕಿಲ್ಲ, ಅಲ್ವಾ ಯೂನಿಸ್?"

"ಅಯ್ಯೋ, ತಿನ್ನದೆ ಇರ್ತೀನಾ? ಪಾಪ, ಗಂಡ ಹೋದ ಮೇಲೂ ನಿಮ್ಮಮ್ಮ ಕೈಲಾದಷ್ಟು ಮಾಡ್ತಾಳೆ. ಎಷ್ಟು ಚೆನ್ನಾಗಿತ್ತು ಗೊತ್ತಾ! ಬೇರೆ ಥರ ಇತ್ತು."

ಮಧ್ಯಾಹ್ನದವರೆಗೂ ಇದೇ ಕತೆ. ಕಾಯಿಲೆ ಬಿದ್ದವರೂ ತಿಂದಿದ್ದರು, ಬೀಳದವರೂ ತಿಂದಿದ್ದರು. ಹಲ್ಲಿಲ್ಲದವರು ತಿಂದಿದ್ದರು. ಮೊಟ್ಟೆ ತಿಂದರೆ ಮೈಯೆಲ್ಲ ದದ್ದೇಳುವ ಪೋಸ್ಟಾಫೀಸಿನ ವರ್ನಾ ಕೂಡ ತಿಂದಿದ್ದಳು. ಬೋರ್ಗಿಲ್ಡ್‌ಗೆ ನೋವಾಗಬಾರದೆಂದು ಇಡೀ ಊರು ಸಾಲಾಗಿ ನಿಂತು ಸುಳ್ಳು ಹೇಳಿ ಅವಳನ್ನು ನೇಣಿಗೆ ಹಾಕುತ್ತಿತ್ತು.

ಕಾರಿನಲ್ಲಿ ಕೂತು ರೋಂಡಾಗೆ ಫೋನ್ ಮಾಡಿದ. ಹೊರಗೆ ಸಣ್ಣಗೆ ಹಿಮ ಉದುರುತ್ತಿತ್ತು.

"ಕೆಳಗಿನ ಎರಡು ಮನೆ ಖಾಲಿ. ತಿನ್ನದವರೇ ಇಲ್ಲ."

"ಹಾಗಾದ್ರೆ ನಿನ್ನ ಲೆಕ್ಕ ಏಳೋದೂ ಇಲ್ಲ, ಬೀಳೋದೂ ಇಲ್ಲ. ಸ್ಯಾಂಡ್‌ವಿಚ್ ಕೆಟ್ಟಿತ್ತು ಅಂತಲೂ ಹೇಳೋ ಹಾಗಿಲ್ಲ, ಇರಲಿಲ್ಲ ಅಂತಲೂ ಹೇಳೋ ಹಾಗಿಲ್ಲ. ತಿನ್ನದವರನ್ನ ಹುಡುಕು."

"ಹೇಗೆ ಹುಡುಕ್ಲಿ?"

"ಬೇಡ್ಕೋ," ಎಂದು ಅವಳು ಫೋನ್ ಇಟ್ಟಳು.

ಹೀಗೆ ಲೈಲ್ ಟೋಸ್ಟ್ರುಡ್ ತನ್ನ ಹೆತ್ತ ತಾಯಿಯ ಅಡುಗೆಯನ್ನು ಬಿಸಾಕಿದವರನ್ನು ಹುಡುಕಿಕೊಂಡು ಊರೆಲ್ಲ ಅಲೆಯುವ ಹಾಗಾಯಿತು.

ಸುಳ್ಳು ಹೇಳಿದರೆ ನಿದ್ದೆ ಬರದ ವೃತ್ತಿಯವರು ಯಾರು ಎಂದು ಯೋಚಿಸಿ ಚರ್ಚಿಗೆ ಹೋದ. ಪಾಸ್ಟರ್ ಸೋಲ್ವೆಗ್ ಭಾನುವಾರದ ಉಪದೇಶ ಬರೆಯುತ್ತಿದ್ದಳು.

"ಪಾಸ್ಟರಮ್ಮ, ನಿಮ್ಮ ಕಾಲಿಗೆ ಬೀಳ್ತೀನಿ. ನೀವು ನಮ್ಮಮ್ಮನ ಸ್ಯಾಂಡ್‌ವಿಚ್ ತಿನ್ನಲಿಲ್ಲ ಅಂತ ಹೇಳಿ. ನಂಗೇನೂ ಬೇಜಾರಿಲ್ಲ."

ಪಾಸ್ಟರ್‌ಳ ಕಿವಿ ಕೆಂಪಾಯಿತು. "ಲೈಲ್... ಅದು ತುಂಬಾ..."

"ಬೇರೆ ಥರ. ಗೊತ್ತು. ತಿಂದ್ರಾ?"

ಅವಳು ಕಿಟಕಿಯ ಕಡೆ ನೋಡಿದಳು. "ಕಾಗದದ ಕರವಸ್ತ್ರದಲ್ಲಿ ಸುತ್ತಿ ಕೈಚೀಲದಲ್ಲಿ ಇಟ್ಕೊಂಡೆ. ಯಾವಾಗ್ಲೂ ಹಾಗೇ ಮಾಡ್ತೀನಿ. ದೇವರು ಕ್ಷಮಿಸಲಿ."

ಲೈಲ್ ಅವಳ ಕೈ ಹಿಡಿದು ಕುಲುಕಿದ. ಕೆಳಗಿನ ಮನೆಗೆ ಒಬ್ಬಳು ಸಿಕ್ಕಿದ್ದಳು!

ಪಾಸ್ಟರಮ್ಮನೇ ಒಪ್ಪಿಕೊಂಡರಂತೆ ಅಂದ ಮೇಲೆ ಊರಿನ ಕಟ್ಟೆ ಒಡೆಯಿತು. ಯೂನಿಸ್ ಬಾಗಿಲಲ್ಲೇ ನಿಂತು ಅತ್ತಳು. "ಎಷ್ಟು ವರ್ಷದಿಂದ ಎದೆ ಮೇಲೆ ಕಲ್ಲಿಟ್ಟುಕೊಂಡಿದ್ದೆ ಮಾರಾಯ! ನಮ್ಮ ನಾಯಿಗೆ ಹಾಕ್ತೀನಿ. ಅದೂ ಈಗೀಗ ಮೂಸಿ ನೋಡಲ್ಲ." ವರ್ನಾ ಕೋಟಿನ ಜೇಬಿಗೆ ತುರುಕುತ್ತಿದ್ದಳು. ಡುವೇನ್ ಬಕೆಟ್ಟಿನೊಳಗಿಂದಲೇ, "ಎರಡು ತಗೊಂಡಿದ್ದು ನಿಜ. ಎರಡೂ ಚರ್ಚಿನ ನೆಲಮಾಳಿಗೇಲಿರೋ ಪಿಯಾನೋ ಹಿಂದೆ ಇದಾವೆ," ಎಂದ.

ಲೈಲ್ ಗೀಟು ಎಳೆಯುತ್ತಾ ಹೋದ. ಮೊದಮೊದಲು ಸಂತೋಷದಿಂದ, ಆಮೇಲೆ ನಿಧಾನವಾಗಿ. ಮೂರು ಗಂಟೆಯ ಹೊತ್ತಿಗೆ ಮೇಲಿನ ಮನೆಗಳಿಂದ ಎಲ್ಲರೂ ಇಳಿದು ಕೆಳಗೆ ಬಂದುಬಿಟ್ಟಿದ್ದರು. ತಾನೊಬ್ಬನೇ ತಿನ್ನಲಿಲ್ಲ, ಉಳಿದವರೆಲ್ಲ ತಿಂದೇ ಮಲಗಿದ್ದಾರೆ ಎಂದು ಪ್ರತಿಯೊಬ್ಬರೂ ನಂಬಿದ್ದರು. ಅಮ್ಮನ ಮೊಟ್ಟೆ ಸ್ಯಾಂಡ್‌ವಿಚ್ಚನ್ನು ಇಡೀ ಊರಿನಲ್ಲಿ ತಿಂದವನು ಒಬ್ಬನೇ ಒಬ್ಬ. ಅವನು ನಾಲ್ಕು ತಿಂದಿದ್ದ, ಯಾಕೆಂದರೆ ಅಮ್ಮ ನೋಡುತ್ತಿದ್ದಳು. ಹೊಟ್ಟೆ ತುಂಬಿ ಬೇರೇನೂ ಮುಟ್ಟಿರಲಿಲ್ಲ. ಅವನಿಗೆ ಏನೂ ಆಗಿರಲಿಲ್ಲ. ತಿಂದೂ ಗಟ್ಟಿಯಾಗಿರುವವರ ಮನೆಯಲ್ಲಿ ಲೈಲ್ ತನ್ನ ಹೆಸರಿನ ಒಂಟಿ ಗೀಟು ಎಳೆದ. ಅಷ್ಟು ಒಂಟಿಯಾದ ಗೀಟನ್ನು ಅವನು ನೋಡಿರಲಿಲ್ಲ.

ಆದರೆ ಜನ ಬಾಯಿ ಬಿಟ್ಟಿದ್ದರಿಂದ ಇನ್ನೊಂದು ಚೌಕ ತನ್ನಷ್ಟಕ್ಕೇ ತುಂಬಿತು. ಆರ್ಡಿಸ್‌ಳ ಅನ್ನದ ಪಾಯಸ, ಮೇಲೆ ಕಡೆದ ಕೆನೆ, ಕೆಂಪು ಹಣ್ಣಿನ ರಸ. ಅದರ ಬಗ್ಗೆ ಯಾರಿಗೂ ಸುಳ್ಳು ಹೇಳುವ ಅಗತ್ಯವಿರಲಿಲ್ಲ. ವಾಂತಿ ಮಾಡಿಕೊಂಡವರೆಲ್ಲ ಅದನ್ನು ತಿಂದಿದ್ದರು. ಸಕ್ಕರೆ ಕಾಯಿಲೆಯ ಯೂನಿಸ್, ಹಾಲು ಆಗದ ವರ್ನಾ, ಸಾಲಿನಲ್ಲಿ ಕೊನೆಗೆ ನಿಂತು ಖಾಲಿ ಪಾತ್ರೆ ನೋಡಿದ ಪಾಸ್ಟರಮ್ಮ, ಇವರೆಲ್ಲ ಗಟ್ಟಿ. ಹಗಲಿನಷ್ಟು ಸ್ಪಷ್ಟ.

ನಾಲ್ಕಕ್ಕೆ ನೆಲಮಾಳಿಗೆಯಲ್ಲಿ ಹೆಂಗಸರು ಕಾಫಿ ಹಿಡಿದು ಕೂತಿದ್ದರು. ಬೋರ್ಗಿಲ್ಡ್ ಕೊನೆಯ ಕುರ್ಚಿಯಲ್ಲಿ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಯಾರೂ ಅವಳ ಸ್ಯಾಂಡ್‌ವಿಚ್ ತಿನ್ನುವುದಿಲ್ಲ ಅನ್ನುವುದನ್ನು ಮಾತ್ರ ಬಾಯಿ ತಪ್ಪಿಯೂ ಹೇಳಬಾರದು ಎಂದು ಲೈಲ್ ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡು ಬಂದಿದ್ದ.

"ಮೊಟ್ಟೆ ಸ್ಯಾಂಡ್‌ವಿಚ್ಚಿಂದ ಯಾರಿಗೂ ಏನೂ ಆಗಿಲ್ಲ," ಎಂದ. "ಅದನ್ನ ತಿಂದವರೆಲ್ಲ ಚೆನ್ನಾಗಿದ್ದಾರೆ."

ಹೆಂಗಸರು ಕಾಫಿ ಬಟ್ಟಲಿನೊಳಗೆ ನೋಡಿಕೊಂಡರು.

"ಕೆಟ್ಟಿದ್ದು ಪಾಯಸ."

ಮೂವತ್ತು ವರ್ಷ ಆ ಅಡುಗೆಮನೆ ಆಳಿದ ರಾಣಿಯ ಕಿರೀಟ ನೆಲಕ್ಕೆ ಬಿದ್ದಿತ್ತು. ಆರ್ಡಿಸ್‌ಳ ಮುಖ ಸುಣ್ಣವಾಯಿತು.

"ಹಾಗಿದ್ರೆ," ಎಂದಳು, "ಏಪ್ರನ್ ನಾನೇ ಬಿಚ್ಚಿಡ್ತೀನಿ."

ಲೈಲ್‌ಗೆ ಅಯ್ಯೋ ಅನ್ನಿಸಿತು. ಆದರೆ ಕೆಲಸ ಮುಗಿದಿರಲಿಲ್ಲ. ಬೆಂದ ಅನ್ನ ತುಂಬಾ ಹೊತ್ತು ಬೆಚ್ಚಗೇ ಉಳಿದರೆ ವಿಷವಾಗುತ್ತದೆ; ಇಲ್ಲಿ ಅದು ಹೇಗಾಯಿತು ಅನ್ನುವುದೂ ವರದಿಗೆ ಬೇಕಿತ್ತು. "ಆರ್ಡಿಸ್, ಒಂದು ಮಾತು ಕೇಳ್ತೀನಿ. ಬೇಯಿಸಿದ ಅನ್ನವನ್ನ ಎಲ್ಲಿ ಆರಿಸಿದ್ರಿ? ಫ್ರಿಜ್ಜಲ್ಲಾ?"

"ಅದು..." ಆರ್ಡಿಸ್ ತಡವರಿಸಿದಳು. "ಅದು ನನಗೆ ಸರಿಯಾಗಿ..."

"ಒಲೆ ಮೇಲೆ," ಎಂಬ ದನಿ ಬಂತು. "ರಾತ್ರಿಯೆಲ್ಲ ಒಲೆ ಮೇಲೇ ಮುಚ್ಚಿಟ್ಟಿದ್ದೆ. ಬೆಚ್ಚಗಿದ್ರೆ ಮೆತ್ತಗಾಗುತ್ತೆ ಅಂತ."

ಲೈಲ್ ತಿರುಗಿದ. ಅಮ್ಮ ಎದ್ದು ನಿಂತಿದ್ದಳು.

"ಅಮ್ಮಾ, ನೀನು ಸುಮ್ನಿರು. ಪಾಯಸ ಆರ್ಡಿಸ್ ಮಾಡಿದ್ದು."

"ನಾನು ಮಾಡಿದ್ದು ಕಣೋ. ಅವಳ ಹೆಸರಲ್ಲಿ."

"ನನ್ನ ಹತ್ರ ಬಂದು ಕೇಳಿದ್ಲು," ಎಂದಳು ಆರ್ಡಿಸ್ ಮೆಲ್ಲಗೆ. "ಬೇಡ ಅನ್ನೋಕೆ ನನಗೆ ಬಾಯಿ ಬರ್ಲಿಲ್ಲ. ಯಾರಿಗೂ ಹೇಳಲ್ಲ ಅಂತ ಮಾತು ಕೊಟ್ಟಿದ್ದೆ."

"ನನ್ನ ಸ್ಯಾಂಡ್‌ವಿಚ್ ನೀವ್ಯಾರೂ ತಿನ್ನಲ್ಲ ಅಂತ ನಂಗೆ ಗೊತ್ತಿಲ್ಲ ಅಂದ್ಕೊಂಡ್ರಾ?" ಬೋರ್ಗಿಲ್ಡ್‌ಳ ದನಿಯಲ್ಲಿ ಸಿಟ್ಟಿರಲಿಲ್ಲ. "ಊಟ ಆದ್ಮೇಲೆ ಕಸ ಗುಡಿಸೋಳು ನಾನೇ ಅಲ್ವಾ? ಪಿಯಾನೋ ಹಿಂದಿಂದ ತೆಗೆಯೋಳೂ ನಾನೇ. ನೀವು ತಿಂದ ಹಾಗೆ ಮಾಡ್ತೀರಿ, ನಾನು ನೋಡದ ಹಾಗೆ ಮಾಡ್ತೀನಿ. ಆದರೆ ಸಾಯೋದ್ರೊಳಗೆ ಒಂದೇ ಒಂದ್ಸಲ, ನಾನು ಮಾಡಿದ ಅಡುಗೆ ಪಾತ್ರೆ ಖಾಲಿಯಾಗೋದನ್ನ ನೋಡ್ಬೇಕು ಅನ್ನಿಸ್ತು."

ಯೂನಿಸ್ ಮೂಗೊರೆಸಿಕೊಂಡಳು. ಆರ್ಡಿಸ್ ಬಂದು ಬೋರ್ಗಿಲ್ಡ್‌ಳ ಭುಜ ಹಿಡಿದಳು. ಎಲ್ಲರೂ ತುಂಬಾ ಒಳ್ಳೆಯವರಾಗಿ ನಡೆದುಕೊಂಡರು. ಇನ್ನು ಮೇಲೆ ಬೋರ್ಗಿಲ್ಡ್‌ಗೆ ಪೂರ್ತಿ ವಿಶ್ರಾಂತಿ ಕೊಡುವುದೇ ಸರಿ ಎಂದು ಒಬ್ಬರ ಮಾತಿಗೆ ಒಬ್ಬರು ತಲೆಯಾಡಿಸಿದರು. ಅಷ್ಟು ಪ್ರೀತಿಯಿಂದ ಆ ಅಡುಗೆಮನೆಯಿಂದ ಯಾರನ್ನೂ ಹೊರಗೆ ಹಾಕಿರಲಿಲ್ಲ.

ಲೈಲ್ ಅಮ್ಮನನ್ನು ಕಾರಿನಲ್ಲಿ ಕೂರಿಸಿಕೊಂಡು ಮನೆಗೆ ಹೊರಟ. ಒರೆಸುಕಡ್ಡಿಗಳು ಗಾಜಿನ ಮೇಲಿನ ಹಿಮವನ್ನು ಆ ಕಡೆಯಿಂದ ಈ ಕಡೆಗೆ ತಳ್ಳುತ್ತಿದ್ದವು. ಬೆಳಗ್ಗೆ ಅಮ್ಮ ಹೇಳಿದ ಹಾಗೆ ಕೆದಕದೆ ಬಿಟ್ಟಿದ್ದರೆ, ತಿಂದವರೂ ತಿನ್ನದವರೂ ಬೆರೆತುಹೋಗಿ, ಯಾವ ಲೆಕ್ಕವೂ ಏಳದೆ, ಅವಳು ಹೇಗೋ ಉಳಿದುಕೊಳ್ಳುತ್ತಿದ್ದಳೋ ಏನೋ. ಸುಳ್ಳೇ ಅವಳನ್ನು ಕಾಯುತ್ತಿತ್ತು. ಅವನು ಮನೆಮನೆಗೆ ಹೋಗಿ ಅದನ್ನು ಬಿಡಿಸಿಕೊಂಡು ಬಂದಿದ್ದ.

"ಲೈಲ್."

"ಹೇಳಮ್ಮ."

"ನಿನ್ನ ಲೆಕ್ಕದಲ್ಲಿ ಪಾಯಸ ತಿಂದೋರು ಎಷ್ಟು ಜನ?"

"ಬಂದೋರಲ್ಲಿ ಮುಕ್ಕಾಲು ಪಾಲು."

"ಮತ್ತೆ ಹಾಕಿಸ್ಕೊಂಡೋರು?"

"ಸುಮಾರು ಜನ. ಡುವೇನ್ ಮೂರು ಸಲ."

"ಮೂರು ಸಲವಾ?" ಅಪ್ಪ ಹೋದ ಮೇಲೆ ಮೊದಲ ಸಲ ಅವಳ ಮುಖದ ಮೇಲೆ ಏನೋ ಒಂದು ಸಣ್ಣ ಬೆಳಕು ಹಾದುಹೋಯಿತು. "ಪಾಪ," ಎಂದಳು.

ಮನೆ ಬಂತು. ಕಿಟಕಿಯಾಚೆಯ ಬೋಳು ಹೊಲ ಬಿಳಿಯಾಗಿತ್ತು. ಅವಳು ಸೀಟಿನ ಪಟ್ಟಿ ಬಿಚ್ಚಿ, ಇಳಿಯದೆ ಒಂದು ಕ್ಷಣ ಕೂತಳು.

"ಇನ್ನು ಮೇಲೆ ನಿನಗೊಬ್ಬನಿಗೇ ಮಾಡೋದು ನಾನು. ದಿನಾ ಮಾಡ್ಬಹುದು. ನೀನೊಬ್ಬನೇ ಕಣೋ ನಿಜವಾಗ್ಲೂ ತಿನ್ನೋನು. ನಿಂಗೆ ಇಷ್ಟ ತಾನೇ?"

ಲೈಲ್ ಟೋಸ್ಟ್ರುಡ್ ನಾರ್ಡ್‌ಬಿಯಲ್ಲಿ ಹುಟ್ಟಿ ಬೆಳೆದವನು.

"ಇಷ್ಟ ಅಮ್ಮ," ಎಂದ. "ತುಂಬಾ."

ಅವಳು ಒಳಗೆ ಹೋಗಿ ಮೊಟ್ಟೆ ಬೇಯಲಿಟ್ಟಳು.